ಅಜ್ಜನ ರೇಜರ್‌ಗೆ ಬೇರೆ ಬ್ಲೇಡ್ ಹಾಕಿದಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ನಮ್ಮಜ್ಜನ ಸೇಫ್ಟಿ ರೇಜರ್ ಈಗ ನನ್ನ ಹತ್ತಿರ ಇದೆ. ಮೂರು ಭಾಗದ್ದು: ಮೇಲಿನ ಕ್ಯಾಪ್, ಕೆಳಗಿನ ತಟ್ಟೆ, ತಿರುಗಿಸಿ ಬಿಗಿ ಮಾಡುವ ಹಿಡಿಕೆ. ಹಿತ್ತಾಳೆ ಮೇಲೆ ನಿಕಲ್ ಲೇಪ. ಹೆಬ್ಬೆರಳು ಕೂರುವ ಜಾಗದಲ್ಲಿ ಲೇಪ ಸವೆದು ಒಳಗಿನ ಹಳದಿ ಕಾಣುತ್ತದೆ. ಅಜ್ಜ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಬೆಳಗಿನ ಪಾಳಿಗೆ ಹೊರಡುವ ಮುಂಚೆ ಲಾಟೀನು ಬೆಳಕಿನಲ್ಲಿ ಇದರಿಂದಲೇ ಗಡ್ಡ ಮಾಡಿಕೊಳ್ಳುತ್ತಿದ್ದರಂತೆ.

ಒಂದು ವರ್ಷದಿಂದ ಇದಕ್ಕೆ ಬಗೆಬಗೆಯ ಬ್ಲೇಡ್ ಹಾಕಿ ನೋಡುತ್ತಿದ್ದೇನೆ. ಅಂಗಡಿಯ ಸ್ಟೇನ್‌ಲೆಸ್ ಬ್ಲೇಡ್ ಇದ್ದೇ ಇದೆ. ಅದರ ಜೊತೆಗೆ ಅಜ್ಜನ ಟ್ರಂಕಿನಲ್ಲಿ ಸಿಕ್ಕ, ಮೇಣದ ಕಾಗದ ಬಿಚ್ಚದ ಕಾರ್ಬನ್ ಸ್ಟೀಲ್ ಬ್ಲೇಡ್. ಕಟಿಂಗ್ ಶಾಪಿನವರು ಮಡಚುವ ಕತ್ತಿಗೆ ಹಾಕುವ ಅರ್ಧ ಬ್ಲೇಡ್. ಅಕ್ಕನ ಮಗ ಅಮೆರಿಕದಿಂದ ತಂದುಕೊಟ್ಟ, ಬೆನ್ನಿಗೆ ತಗಡಿನ ಪಟ್ಟಿ ಇರುವ ಒಂದೇ ಅಂಚಿನ ಬ್ಲೇಡ್. ಪ್ರತಿಯೊಂದರಲ್ಲೂ ಏನಾದರೊಂದು ತೊಂದರೆ ಬಂತು. ಪ್ರತಿ ಸಲವೂ ಮೊದಲು ಅನ್ನಿಸಿದ್ದು "ಬ್ಲೇಡ್ ಸರಿಯಿಲ್ಲ" ಅಂತ. ಆದರೆ ಹುಡುಕುತ್ತಾ ಹೋದರೆ ಬಹಳ ಸಲ ದೋಷ ಇದ್ದದ್ದು ಬ್ಲೇಡ್ ಕೂತ ರೀತಿಯಲ್ಲಿ.

ನನ್ನದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಕೆಲಸ. ಮೋಟಾರ್ ತಿರುಗುತ್ತಿಲ್ಲ ಅಂತ ರೈತರು ತಂದರೆ ಬಂದ ಕೂಡಲೇ ವೈಂಡಿಂಗ್ ಬಿಚ್ಚುವುದಿಲ್ಲ. ಕೇಬಲ್ ನೋಡುತ್ತೇವೆ, ಸ್ಟಾರ್ಟರ್ ನೋಡುತ್ತೇವೆ, ಶಾಫ್ಟ್ ಕೈಯಲ್ಲಿ ತಿರುಗಿಸಿ ಬೇರಿಂಗ್ ನೋಡುತ್ತೇವೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತೇವೆ. ರೇಜರ್‌ಗೂ ಇದೇ ಕ್ರಮ. ಬ್ಲೇಡ್, ಸೋಪು, ನೀರು ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಶುರು ಮಾಡುವ ಮುಂಚೆ ಎರಡು ಮಾತು. ಬೇರೆಯವರು ಬಳಸಿದ ಬ್ಲೇಡನ್ನು ಯಾವ ಕಾರಣಕ್ಕೂ ಮುಖಕ್ಕೆ ತಾಗಿಸಬೇಡಿ. ರಕ್ತದಿಂದ ಹರಡುವ ಹೆಪಟೈಟಿಸ್‌ನಂಥ ಕಾಯಿಲೆಗೆ ಕಣ್ಣಿಗೆ ಕಾಣದಷ್ಟು ಗಾಯ ಸಾಕು. ಸಂತೆಯಲ್ಲೋ ಗುಜರಿಯಲ್ಲೋ ಕೊಂಡ ಹಳೆ ರೇಜರ್ ಆದರೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆ ಹಲ್ಲುಜ್ಜುವ ಬ್ರಷ್ ಹಿಡಿದು ಚೆನ್ನಾಗಿ ತಿಕ್ಕಿ, ಆಮೇಲೆ ಸ್ಪಿರಿಟ್‌ನಲ್ಲಿ ನೆನೆಸಿ.

ಅಳತೆ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ

ಎರಡು ಅಂಚಿನ ಮಾಮೂಲಿ ಬ್ಲೇಡ್ ಸುಮಾರು 43 ಮಿ.ಮೀ. ಉದ್ದ, 22 ಮಿ.ಮೀ. ಅಗಲ. ದಪ್ಪ ಬರೀ 0.10 ಮಿ.ಮೀ. ತಾಮ್ರದ ತಂತಿಯ ಗೇಜ್ ನೋಡುವ ಮೈಕ್ರೋಮೀಟರ್ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಹಿಡಿದು ನೋಡಿದೆ. ಅಂಗಡಿಯ ಹೊಸ ಬ್ಲೇಡ್ 0.10 ತೋರಿಸಿತು. ಅಜ್ಜನ ಟ್ರಂಕಿನ ಕಾರ್ಬನ್ ಬ್ಲೇಡ್ 0.15 ತೋರಿಸಿತು. ಅಮೆರಿಕದ ಒಂದೇ ಅಂಚಿನ ಬ್ಲೇಡ್ 0.23.

ಈ ವ್ಯತ್ಯಾಸಕ್ಕೆ ಕಾರಣ ಇದೆ. ಬ್ಲೇಡ್ ಬದಲಾಯಿಸುವ ಈ ಬಗೆಯ ರೇಜರ್ ತಂದ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಅದನ್ನು ಮಾರಲು ಶುರು ಮಾಡಿದ್ದು 1903ರಲ್ಲಿ. ಆ ವರ್ಷ ಹೋದದ್ದು ಬರೀ 51 ರೇಜರ್, 168 ಬ್ಲೇಡ್. 1904ರಲ್ಲಿ ಪೇಟೆಂಟ್ ಸಿಕ್ಕಿತು. ಆಗಿನ ಬ್ಲೇಡ್ ಕಾರ್ಬನ್ ಸ್ಟೀಲಿನದು, ಈಗಿನದಕ್ಕಿಂತ ದಪ್ಪ, ನಡುವೆ ಮೂರು ದುಂಡು ತೂತು. ಉದ್ದಕ್ಕೆ ಸೀಳಿದಂಥ ಬಾಯಿ ಇರುವ ಬ್ಲೇಡ್ ರೂಢಿಗೆ ಬಂದದ್ದು 1930ರ ಸುಮಾರಿಗೆ. ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿ ಲೇಪ ಹಚ್ಚಿದ ಸ್ಟೇನ್‌ಲೆಸ್ ಬ್ಲೇಡ್ ತಂದದ್ದು 1962ರಲ್ಲಿ. ಹಾಗಾಗಿ ನಿಮ್ಮ ಕೈಯಲ್ಲಿರುವ ರೇಜರ್ ಯಾವ ಕಾಲದ್ದೋ, ಅದು ಆ ಕಾಲದ ಬ್ಲೇಡ್ ನಂಬಿಕೊಂಡು ಮಾಡಿದ್ದು. ಕೂದಲೆಳೆಯಷ್ಟು ವ್ಯತ್ಯಾಸ ಅಂತ ಸುಮ್ನೆ ಬಿಡುವಂತಿಲ್ಲ. ಬ್ಲೇಡಿನ ಅಂಚಿಗೂ ಕೆಳಗಿನ ತಟ್ಟೆಯ ತುಟಿಗೂ ನಡುವೆ ಇರುವ ಸಂದೇ ಸಾಮಾನ್ಯವಾಗಿ ಒಂದು ಮಿಲಿಮೀಟರ್ ದಾಟುವುದಿಲ್ಲ.

ಒಂದು ಬದಿ ನುಣ್ಣಗೆ, ಇನ್ನೊಂದು ಬದಿ ಗೀರು

ಜಾಸ್ತಿ ಜನಕ್ಕೆ ಬರುವ ತೊಂದರೆ ಇದು. ನನಗೂ ಮೊದಲು ಬಂದದ್ದು ಇದೇ. ಕಾರ್ಬನ್ ಬ್ಲೇಡ್ ಹಾಕಿದ ದಿನ ಬಲಗೆನ್ನೆ ಚೆನ್ನಾಗಿ ಆಯಿತು. ರೇಜರ್ ತಿರುಗಿಸಿ ಎಡಗೆನ್ನೆಗೆ ಹಿಡಿದರೆ ಎರಡೆಳೆತಕ್ಕೇ ಉರಿ. ಕುತ್ತಿಗೆ ಹತ್ತಿರ ಸಣ್ಣ ಸಣ್ಣ ಕೆಂಪು ಚುಕ್ಕೆ. ಪಟಿಕ ಉಜ್ಜಿದಾಗ ಎಡಗಡೆ ಮಾತ್ರ ಚುರುಗುಟ್ಟಿತು. ಈ ಪಟಿಕ ಒಳ್ಳೆಯ ಪರೀಕ್ಷೆ. ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ಚರ್ಮ ಹೆರೆದುಹೋಗಿದೆ ಅಂತ ಅರ್ಥ.

ಮೊದಲು ಬೆಳಕಿಗೆ ಹಿಡಿದು ನೋಡಿ. ಬ್ಲೇಡ್ ಹಾಕಿ ಬಿಗಿ ಮಾಡಿದ ಮೇಲೆ ರೇಜರಿನ ತಲೆಯನ್ನು ಕಿಟಕಿ ಕಡೆಗೋ ಮೊಬೈಲ್ ಟಾರ್ಚ್ ಕಡೆಗೋ ಹಿಡಿಯಿರಿ. ಕಣ್ಣು ಅಂಚಿನ ನೇರಕ್ಕೆ ಇರಲಿ. ಅಂಚಿಗೂ ತಟ್ಟೆಯ ತುಟಿಗೂ ನಡುವೆ ಬೆಳಕಿನ ಗೆರೆ ಕಾಣುತ್ತದೆ. ಆ ಗೆರೆ ಈ ಕೊನೆಯಿಂದ ಆ ಕೊನೆವರೆಗೆ ಒಂದೇ ದಪ್ಪ ಇರಬೇಕು. ಎರಡೂ ಬದಿಯಲ್ಲಿ ಒಂದೇ ಥರ ಇರಬೇಕು. ನನ್ನ ರೇಜರಿನಲ್ಲಿ ಒಂದು ಬದಿ ಗೆರೆ ಸಣ್ಣ, ಇನ್ನೊಂದು ಬದಿ ದಪ್ಪ. ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ, ಹಾಕಿದೆ. ಒಂದು ಕಡೆ 0.60 ಮಿ.ಮೀ., ಇನ್ನೊಂದು ಕಡೆ 0.75. ಫೀಲರ್ ಗೇಜ್ ಹಾಕುವವರು ಹಳೆ ಬ್ಲೇಡ್ ಇಟ್ಟು ಅಳೆಯಿರಿ. ಗೇಜಿನ ಉಕ್ಕು ತಾಗಿದ ಅಂಚು ಮತ್ತೆ ಮುಖಕ್ಕೆ ಬೇಡ.

ಬಹಳ ಸಲ ಬಿಚ್ಚಿ ಮತ್ತೆ ಕೂರಿಸಿದರೆ ಸಾಕು. ಕ್ಯಾಪನ್ನು ಅಂಗಾತ ಅಂಗೈಯಲ್ಲಿ ಇಟ್ಟುಕೊಳ್ಳಿ. ಅದರ ಮೊಳೆಗಳ ಮೇಲೆ ಬ್ಲೇಡ್ ಇಡಿ, ಮೇಲೆ ತಟ್ಟೆ ಇಡಿ. ಬ್ಲೇಡಿನ ಎರಡು ತುದಿ ಹೊರಗೆ ಚಾಚಿರುತ್ತವಲ್ಲ, ಅಲ್ಲಿ ಹರಿತ ಇರುವುದಿಲ್ಲ. ಕ್ಯಾಪ್ ಮತ್ತು ತಟ್ಟೆಯನ್ನು ಆ ತುದಿಗಳ ಕಡೆಯಿಂದ ಎರಡು ಬೆರಳಲ್ಲಿ ಅದುಮಿ ಹಿಡಿದುಕೊಂಡೇ ಹಿಡಿಕೆ ತಿರುಗಿಸಿ. ಸುಮ್ನೆ ಹಿಡಿಕೆ ತಿರುಗಿಸಿದರೆ ಕೊನೆ ಸುತ್ತಿನಲ್ಲಿ ಬ್ಲೇಡ್ ಸ್ವಲ್ಪ ಓರೆಯಾಗುತ್ತದೆ. ದಪ್ಪ ಬ್ಲೇಡ್ ಆದರೆ ಇನ್ನೂ ಜಾಸ್ತಿ, ಯಾಕೆಂದರೆ ಅದು ಕ್ಯಾಪಿನ ಬಾಗಿಗೆ ಸುಲಭವಾಗಿ ಬಗ್ಗುವುದಿಲ್ಲ.

ಹೀಗೆ ಮಾಡಿದರೂ ನನ್ನದು ಸರಿಹೋಗಲಿಲ್ಲ. ಆಮೇಲೆ ಮಾಡಿದ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ತಟ್ಟೆಯ ಒಂದು ಬದಿಗೆ ಮಾರ್ಕರ್‌ನಿಂದ ಚುಕ್ಕೆ ಇಡಿ. ಕ್ಯಾಪಿಗೂ ಅದೇ ಬದಿಗೆ ಒಂದು ಚುಕ್ಕೆ. ಎಷ್ಟೋ ಬ್ಲೇಡಿನ ಮೂಲೆಗಳಲ್ಲಿ 1, 2, 3, 4 ಅಂತ ಅಚ್ಚಾಗಿರುತ್ತದೆ, ಅದೇ ಗುರುತು ಸಾಕು. ಈಗ ಬ್ಲೇಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಹಾಕಿ. ದೊಡ್ಡ ಸಂದು ಬ್ಲೇಡಿನ ಜೊತೆ ಆ ಬದಿಗೆ ಹೋಯಿತೇ? ಹಾಗಾದರೆ ಬ್ಲೇಡ್ ಬಗ್ಗಿದೆ, ಇಲ್ಲಾ ಅದರ ನಡುವಿನ ಬಾಯಿ ಸರಿಯಾಗಿ ಕೊರೆದಿಲ್ಲ. ಅದನ್ನು ಎಸೆಯಿರಿ. ಸಂದು ಅಲ್ಲೇ ಉಳಿಯಿತೇ? ಹಾಗಾದರೆ ಬ್ಲೇಡ್ ನಿರ್ದೋಷಿ. ಈಗ ಬ್ಲೇಡನ್ನು ಹಾಗೇ ಬಿಟ್ಟು ಕ್ಯಾಪನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಹಾಕಿ. ಸಂದು ಕ್ಯಾಪಿನ ಚುಕ್ಕೆಯ ಜೊತೆ ಹೋದರೆ ಕ್ಯಾಪ್ ಬಗ್ಗಿದೆ. ಆಗಲೂ ತಟ್ಟೆಯ ಚುಕ್ಕೆಯ ಕಡೆಗೇ ಉಳಿದರೆ ದೋಷ ತಟ್ಟೆಯಲ್ಲಿ.

ನನ್ನದು ತಟ್ಟೆಯಲ್ಲಿ ಉಳಿಯಿತು. ಅಲ್ಲಿಯವರೆಗೆ ಮೂರು ಬ್ಲೇಡ್ ಸುಮ್ನೆ ಎಸೆದಿದ್ದೆ.

ತಟ್ಟೆಯನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ನೋಡಿದೆ. ಬಗ್ಗಿದ್ದು ಕಾಣಲಿಲ್ಲ. ಉಗುರಿನಿಂದ ಸವರಿದಾಗ ಒಂದು ಮೂಲೆಯಲ್ಲಿ ತರಿತರಿ ಅನ್ನಿಸಿತು. ಭೂತಗನ್ನಡಿ ಹಿಡಿದರೆ ನಿಕಲ್ಲಿನದೇ ಬಣ್ಣದ ಒಂದು ಗಟ್ಟಿ ಪದರ. ಸೋಪಿನ ಗಸಿ ಮತ್ತು ಬೋರ್‌ವೆಲ್ ನೀರಿನ ಸುಣ್ಣ ಸೇರಿ ಕಲ್ಲಾಗಿತ್ತು. ಗೀಸರ್ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅಂಥದ್ದೇ. ದಪ್ಪ ಒಂದು ಬ್ಲೇಡಿನಷ್ಟು ಇರಬಹುದು. ಅಷ್ಟು ಸಾಕು, ಬ್ಲೇಡಿನ ಆ ಮೂಲೆ ಮೇಲೆದ್ದು ಕೂರುತ್ತದೆ.

ಬಿಸಿನೀರಿಗೆ ಪಾತ್ರೆ ಸೋಪು ಹಾಕಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಬಿದಿರಿನ ಕಡ್ಡಿಯ ಮೊನೆಯಿಂದ ಕೆರೆದೆ. ಚಕ್ಕೆಯಾಗಿ ಎದ್ದು ಬಂತು. ಚಾಕು, ಸ್ಕ್ರೂಡ್ರೈವರ್ ಹಾಕಬೇಡಿ, ನಿಕಲ್ ಎದ್ದುಹೋಗುತ್ತದೆ. ಹುಣಸೆಹಣ್ಣು, ವಿನೆಗರ್‌ನಲ್ಲಿ ಗಂಟೆಗಟ್ಟಲೆ ಮುಳುಗಿಸಿ ಇಡುವುದೂ ಬೇಡ. ಸುಣ್ಣ ಕರಗುತ್ತದೆ ನಿಜ, ಆದರೆ ಲೇಪ ಸವೆದ ಕಡೆ ಹುಳಿ ಹಿತ್ತಾಳೆಗೆ ಇಳಿಯುತ್ತದೆ. ಮತ್ತೆ ಜೋಡಿಸಿ ಅಳೆದೆ. ಎರಡೂ ಬದಿ 0.65. ಅದೇ ಕಾರ್ಬನ್ ಬ್ಲೇಡ್ ಮಾದರಿಯದು ಇನ್ನೊಂದು ಹಾಕಿ ಎಡಗೆನ್ನೆ ಮಾಡಿಕೊಂಡೆ. ಪಟಿಕ ಉಜ್ಜಿದರೂ ತಣ್ಣಗಿತ್ತು.

ಕೂದಲು ಎಳೆಯುತ್ತದೆ

ಇದಕ್ಕೆ ಬ್ಲೇಡ್ ಮೊಂಡು ಅಂತಲೇ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ನಮ್ಮ ಕಡೆ ಮೊದಲು ನೀರು ನೋಡಿ.

ದಾವಣಗೆರೆಗೆ ನಲ್ಲಿಯಲ್ಲಿ ಬರುವುದು ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರಾ ನೀರು. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗೆ ಭದ್ರಾ ನಾಲೆಯ ನೀರೂ ಬರುತ್ತದೆ. ಇವು ಮೆತ್ತನೆ ನೀರು, ಸೋಪು ಚೆನ್ನಾಗಿ ನೊರೆ ಬರುತ್ತದೆ. ನಲ್ಲಿ ಬರದ ದಿನ ನಾವು ತಿರುಗಿಸುವುದು ಬೋರ್‌ವೆಲ್ ಮೋಟಾರ್. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಸೋಪಿನ ಜೊತೆ ಸೇರಿ ನೊರೆ ಆಗುವ ಬದಲು ಬಿಳಿ ಗಸಿ ಆಗುತ್ತವೆ. ಚಿತ್ರದುರ್ಗದ ಕಡೆ ಹಳ್ಳಿಗಳಲ್ಲಿ ಇದು ಇನ್ನೂ ಜಾಸ್ತಿ. ನೊರೆ ಇಲ್ಲದಿದ್ದರೆ ಕೂದಲು ಮೆತ್ತಗಾಗುವುದಿಲ್ಲ, ಬ್ಲೇಡ್ ಜಾರುವುದಿಲ್ಲ. ಎಂಥ ಬ್ಲೇಡ್ ಹಾಕಿದರೂ ಎಳೆಯುತ್ತದೆ.

ಪರೀಕ್ಷೆ ಸುಲಭ. ಎರಡು ಸಣ್ಣ ಬಾಟಲಿ ತೊಗೊಳ್ಳಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಬೋರ್ ನೀರು. ಎರಡಕ್ಕೂ ಸೋಪಿನ ಒಂದೇ ಅಳತೆಯ ತುಣುಕು ಹಾಕಿ ಕುಲುಕಿ. ಒಂದರಲ್ಲಿ ನೊರೆ ನಿಲ್ಲುತ್ತದೆ, ಇನ್ನೊಂದು ಹಾಲಿನಂತೆ ಬೆಳ್ಳಗಾಗಿ ಮೇಲೆ ಪೊರೆ ಕಟ್ಟುತ್ತದೆ. ಹಾಗಾದರೆ ಒಂದು ವಾರ ಬ್ಲೇಡ್ ಬದಲಾಯಿಸಬೇಡಿ, ನೀರು ಮಾತ್ರ ಬದಲಾಯಿಸಿ. ಗಡ್ಡಕ್ಕೆ ಬೇಕಾಗುವುದು ಒಂದು ಚೊಂಬು. ಮಳೆ ನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಬೋರ್ ನೀರನ್ನೇ ಕುದಿಸಿ ಆರಿಸಿ ಮೇಲಿನ ತಿಳಿ ತೊಗೊಂಡರೂ ಗಡಸು ಸ್ವಲ್ಪ ಇಳಿಯುತ್ತದೆ.

ನೀರು ಬದಲಾಯಿಸಿದ ಮೇಲೂ ಎಳೆದರೆ ಆಗ ಬ್ಲೇಡಿನ ಅಂಚು ನೋಡೋಣ. ನಮ್ಮ ಊರಲ್ಲಿ ಅರಳೆಗೆ ಬರ ಇಲ್ಲ. ಚಿಟಿಕೆ ಅರಳೆ ಸಡಿಲವಾಗಿ ಹಿಡಿದು ಬ್ಲೇಡಿನ ಅಂಚನ್ನು ಉದ್ದಕ್ಕೆ ಹಗುರವಾಗಿ ಎಳೆಯಿರಿ. ಬೆರಳು ದೂರ ಇರಲಿ. ಅಂಚಿನಲ್ಲಿ ಹಲ್ಲು ಎದ್ದಿದ್ದರೆ ಅಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಅಜ್ಜನ ಟ್ರಂಕಿನ ಏಳು ಕಾರ್ಬನ್ ಬ್ಲೇಡಿನಲ್ಲಿ ನಾಲ್ಕರಲ್ಲಿ ಎಳೆ ಸಿಕ್ಕಿಕೊಂಡಿತು. ಮೇಣದ ಕಾಗದದ ಒಳಗೇ ತುಕ್ಕು ತಿಂದಿತ್ತು. ಕಣ್ಣಿಗೆ ಕಂಡದ್ದು ಎರಡರಲ್ಲಿ ಮಾತ್ರ, ಉಳಿದ ಎರಡನ್ನು ಹಿಡಿದುಕೊಟ್ಟದ್ದು ಅರಳೆ. ಕಾರ್ಬನ್ ಬ್ಲೇಡ್ ಬಳಸಿದ ಮೇಲೆ ಒದ್ದೆ ಬಿಟ್ಟರೆ ಒಂದೇ ರಾತ್ರಿಯಲ್ಲಿ ಅಂಚು ಕೆಂಪಾಗುತ್ತದೆ. ಬಿಚ್ಚಿ, ತೊಳೆದು, ನೀರು ಒದರಿ, ಗಾಳಿಗೆ ಒಣಗಿಸಿ. ಟವೆಲಿನಲ್ಲಿ ಅಂಚು ಒರೆಸಬಾರದು. ಹೊಸ ಸ್ಟೇನ್‌ಲೆಸ್ ಬ್ಲೇಡಿಗೂ ಇದೇ ಮಾತು, ಒರೆಸಿದರೆ ಮೇಲಿನ ಲೇಪವೂ ಹೋಗುತ್ತದೆ, ಅಂಚೂ ಮಡಚುತ್ತದೆ.

ಚರಚರ ಸದ್ದು, ಬ್ಲೇಡ್ ಕುಣಿದಂತೆ ಅನ್ನಿಸುವುದು

ಎಳೆತಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಎಳೆತದಲ್ಲಿ ನೋವು ಒಂದೇ ಸಮ ಇರುತ್ತದೆ. ಇದರಲ್ಲಿ ಬ್ಲೇಡ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹೋಗುತ್ತದೆ. ದವಡೆ ಮೂಳೆಗೆ ಗುಡುಗುಡು ಅಂತ ಗೊತ್ತಾಗುತ್ತದೆ. ಬ್ಲೇಡಿನ ಅಂಚಿಗೆ ಆಧಾರ ಸಾಲದು ಅಂತ ಅರ್ಥ. ಹಿಡಿಕೆ ಸಡಿಲ ಇದೆಯೇ ನೋಡಿ. ಕ್ಯಾಪಿನ ಒಳಗೆ ಗಸಿ ಇದೆಯೇ ನೋಡಿ. ಆಮೇಲೆ ಕೋನ. ಹಿಡಿಕೆಯನ್ನು ಮುಖಕ್ಕೆ ತೀರಾ ಹತ್ತಿರ ಇಳಿಸಿದರೆ ಬ್ಲೇಡ್ ಕತ್ತರಿಸುವ ಬದಲು ಹೆರೆಯುತ್ತದೆ. ಬ್ಲೇಡಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ ಇದ್ದರೆ ಸರಿ.

ಹಿಡಿಕೆ ಬಿಗಿಯುವಾಗ ಕೈಬಲ ಜಾಸ್ತಿ ಹಾಕಬೇಡಿ. ಹಳೆ ರೇಜರಿನ ಹಿಡಿಕೆ ಕೆಲವು ಟೊಳ್ಳು ಕೊಳವೆ. ವರ್ಷಗಟ್ಟಲೆ ಬಿಗಿದು ಬಿಗಿದು ಕೊರಳ ಹತ್ತಿರ ಕೂದಲಿನಂಥ ಸೀಳು ಬಂದಿರುತ್ತದೆ. ಎಷ್ಟು ಬಿಗಿದರೂ ಬ್ಲೇಡ್ ಅಲ್ಲಾಡುತ್ತಿದ್ದರೆ ಆ ಸೀಳು ಹುಡುಕಿ.

ಅರ್ಧ ಬ್ಲೇಡ್, ಒಂದೇ ಅಂಚಿನ ಬ್ಲೇಡ್

ಅರ್ಧ ಬ್ಲೇಡ್ ಎರಡನ್ನು ಎದುರುಬದುರು ಇಟ್ಟರೆ ಒಂದು ಪೂರ್ತಿ ಬ್ಲೇಡ್ ಆದಂತೆ ಅಲ್ವಾ ಅಂತ ಲೆಕ್ಕ ಹಾಕಿದ್ದೆ. ಹಾಗಾಗುವುದಿಲ್ಲ. ಪೂರ್ತಿ ಬ್ಲೇಡನ್ನು ನಡುವಿನ ಬಾಯಿ ಎರಡೂ ಕಡೆಯಿಂದ ಮೊಳೆಗೆ ಕಟ್ಟಿಹಾಕುತ್ತದೆ. ಅರ್ಧ ಬ್ಲೇಡಿಗೆ ಒಳಗಡೆ ಮಾತ್ರ ಮೊಳೆ ಒತ್ತುತ್ತದೆ, ಹೊರಗೆ ಜಾರದಂತೆ ತಡೆಯುವುದು ಕ್ಯಾಪಿನ ಅದುಮು ಒಂದೇ. ಜೋಡಿಸಿದಾಗ ಬೆಳಕಿನ ಗೆರೆ ಸರಿಯಾಗೇ ಕಂಡಿತು. ನಾಲ್ಕನೇ ಎಳೆತಕ್ಕೆ ಗಲ್ಲದ ಕೆಳಗೆ ಕೊಯ್ಯಿತು. ಬಿಚ್ಚಿ ನೋಡಿದರೆ ಒಂದು ತುಂಡು ಓರೆಯಾಗಿ ಹೊರಗೆ ಬಂದಿತ್ತು. ರಕ್ತ ನಿಲ್ಲಲು ಕಾಲು ಗಂಟೆ ಹಿಡಿಯಿತು. ನಮ್ಮ ಓಣಿಯ ಕಟಿಂಗ್ ಶಾಪಿನವರು ಗಾಯ ನೋಡಿ, "ಅಣ್ಣಾ, ಕತ್ತಿಗೆ ಹಾಕೋದು ಕತ್ತಿಗೇ ಸೈ ನೋಡ್ರಿ. ಅಲ್ಲಿ ಅದನ್ನ ಕಚ್ಚಿ ಹಿಡಿಯೋಕೆ ಕ್ಲಿಪ್ ಐತಿ, ನಿಮ್ಮ ರೇಜರ್‌ನಾಗೆ ಏನೈತಿ?" ಅಂದರು. ಅವರು ಹೇಳಿದ್ದರಲ್ಲಿ ಪೂರ್ತಿ ಕಾರಣ ಇದೆ. ಇದನ್ನು ಯಾರೂ ಮಾಡಬೇಡಿ.

ಅಮೆರಿಕದ ಬೆನ್ನುಪಟ್ಟಿ ಬ್ಲೇಡ್ ಬೇರೆಯೇ ವಂಶದ ರೇಜರಿನದು. ಜೆಮ್, ಎವರ್ ರೆಡಿ ಅನ್ನುವ ಹೆಸರಿನಲ್ಲಿ ಬರುತ್ತಿದ್ದ ಒಂದೇ ಅಂಚಿನ ರೇಜರ್‌ಗೆ ಮಾಡಿದ್ದು. ನಡುವೆ ಬಾಯಿಲ್ಲ, ದಪ್ಪ ಮಾಮೂಲಿ ಬ್ಲೇಡಿನ ಎರಡರಷ್ಟಕ್ಕಿಂತ ಜಾಸ್ತಿ. ಅಜ್ಜನ ರೇಜರಿನಲ್ಲಿ ಮೊಳೆಯೇ ಅಡ್ಡ ಬರುತ್ತದೆ. ಅಂಥ ರೇಜರ್ ಇದ್ದವರು ಇನ್ನೊಂದು ಎಚ್ಚರ ವಹಿಸಿ. ಗಾಜಿನ ಮೇಲಿನ ಪೇಂಟ್ ಕೆರೆಯುವ ಬ್ಲೇಡ್ ಹಾರ್ಡ್‌ವೇರ್ ಅಂಗಡಿಯಲ್ಲಿ ನೋಡಲು ಥೇಟ್ ಹೀಗೇ ಇರುತ್ತದೆ. ಅದರ ಅಂಚು ಮುಖಕ್ಕೆ ಮಸೆದದ್ದಲ್ಲ, ಲೇಪವೂ ಇರುವುದಿಲ್ಲ. ಅರಳೆಗೆ ಎಳೆದು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಬಾಗಿಲು ತೆರೆಯುವ ರೇಜರ್

ಹಿಡಿಕೆಯ ಬುಡ ತಿರುಗಿಸಿದರೆ ತಲೆ ಎರಡು ಬಾಗಿಲಾಗಿ ತೆರೆದುಕೊಳ್ಳುವ ರೇಜರ್ ಕೆಲವರ ಹತ್ತಿರ ಇರಬಹುದು. ಜಿಲೆಟ್‌ನ ಸೂಪರ್ ಸ್ಪೀಡ್ 1947ರಿಂದ ಬಂದದ್ದು, ಅದು ಈ ಜಾತಿಯದು. ಇವುಗಳಲ್ಲಿ ದಪ್ಪ ಬ್ಲೇಡ್ ಪ್ರಯೋಗ ಬೇಡವೇ ಬೇಡ. ಬಾಗಿಲು ಮುಚ್ಚಲು ಕೊನೆಯಲ್ಲಿ ಬಲ ಬೇಕಾಯಿತು ಅಂದರೆ ಅಲ್ಲೇ ನಿಲ್ಲಿಸಿ. ಕೀಲು ಒಮ್ಮೆ ಬಗ್ಗಿದರೆ ಮನೆಯಲ್ಲಿ ಸರಿ ಮಾಡಲು ಆಗುವುದಿಲ್ಲ. ಮಾಮೂಲಿ ಬ್ಲೇಡಿಗೂ ಮುಚ್ಚುತ್ತಿಲ್ಲ ಅಂದರೆ ಕೀಲಿನಲ್ಲಿ ಹಳೆ ಸೋಪು ಗಟ್ಟಿಯಾಗಿದೆ. ಬಿಸಿನೀರು ಸೋಪಿನಲ್ಲಿ ನೆನೆಸಿ, ನಿಧಾನಕ್ಕೆ ತೆಗೆದು ಮುಚ್ಚಿ ಆಡಿಸಿ, ಒಣಗಿದ ಮೇಲೆ ಒಂದು ಹನಿ ಹೊಲಿಗೆ ಮಿಷಿನ್ ಎಣ್ಣೆ ಬಿಡಿ.

ಅಡಿಪಟ್ಟಿ

ಎಲ್ಲಾ ಸರಿ ಇದೆ, ಎರಡೂ ಬದಿ ಸಮ ಇದೆ, ಆದರೆ ನಾಲ್ಕು ದಿನದ ಗಡ್ಡಕ್ಕೆ ಹೋಗಿ ಹೋಗಿ ಬಂದರೂ ಕೂದಲು ಉಳಿಯುತ್ತದೆ. ಇದು ದೋಷ ಅಲ್ಲ, ಆ ರೇಜರಿನ ಗುಣ. ನನ್ನದರ ಸಂದು 0.65, ಸ್ವಲ್ಪ ಸೌಮ್ಯ. ಇದಕ್ಕೆ ಬ್ಲೇಡಿನ ಕೆಳಗೆ ಇನ್ನೊಂದು ತಗಡು ಹಾಕಿ ಸಂದು ದೊಡ್ಡದು ಮಾಡಬಹುದು. ಹಳೆ ಬ್ಲೇಡನ್ನು ಅದರ ಕಾಗದದಲ್ಲೇ ಸುತ್ತಿ, ತಗಡು ಕತ್ತರಿಸುವ ಕತ್ತರಿಯಿಂದ ಎರಡೂ ಅಂಚನ್ನು ಎರಡೆರಡು ಮಿಲಿಮೀಟರ್ ಕತ್ತರಿಸಿ ತೆಗೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಬ್ಲೇಡಿನ ಚೂರು ಸಿಡಿಯುತ್ತದೆ. ಕತ್ತರಿಸಿದ ಅಂಚನ್ನು ಎಮರಿ ಕಾಗದಕ್ಕೆ ಉಜ್ಜಿ ಸಮ ಮಾಡಿ. ಈ ಪಟ್ಟಿ ತಟ್ಟೆಗೂ ಒಳ್ಳೆಯ ಬ್ಲೇಡಿಗೂ ನಡುವೆ ಬರಬೇಕು. ಜೋಡಿಸಿ ಅಳೆದಾಗ ನನ್ನದು 0.75 ಬಂತು. ಪಟ್ಟಿಯ ದಪ್ಪ 0.10, ಲೆಕ್ಕ ಸರಿಯಾಗಿ ಕೂತಿತು. ನಾಲ್ಕು ದಿನದ ಗಡ್ಡ ಎರಡು ಸುತ್ತಿಗೆ ಹೋಯಿತು.

ಗಮನಿಸಿದಿರಾ? 0.75 ಅಂದರೆ ಮೊದಲ ದಿನ ಎಡಗೆನ್ನೆ ಸುಟ್ಟ ಬದಿಯ ಅಳತೆಯೇ. ಅವತ್ತು ಬ್ಲೇಡ್ ಓರೆಯಾಗಿ, ಆಧಾರ ಇಲ್ಲದೆ ಅಷ್ಟು ಎದ್ದಿತ್ತು. ಇವತ್ತು ಉದ್ದಕ್ಕೂ ಸಮನಾಗಿ, ಬಿಗಿಯಾಗಿ ಕೂತು ಅಷ್ಟೇ ಎದ್ದಿದೆ. ಪಟಿಕ ಉಜ್ಜಿದೆ, ಎಲ್ಲೂ ಚುರುಗುಟ್ಟಲಿಲ್ಲ.

ಅಡಿಪಟ್ಟಿ ಹಾಕಿದ ರೇಜರ್‌ಗೆ ಒಂದು ಗುರುತು ಮಾಡಿ ಇಡಿ. ನನ್ನ ಮಗ ಈಗಷ್ಟೇ ಗಡ್ಡ ಮಾಡಿಕೊಳ್ಳಲು ಕಲಿಯುತ್ತಿದ್ದಾನೆ. ಅವನಿಗೆ ಪಟ್ಟಿ ಇಲ್ಲದೆಯೇ ಕೊಡುತ್ತೇನೆ. ಪಟ್ಟಿ ಒಳಗಿರುವ ದಿನ ವೈಂಡಿಂಗ್ ತಂತಿಗೆ ಹಾಕುವ ಕೆಂಪು ಸ್ಲೀವ್ ಒಂದು ತುಂಡು ಹಿಡಿಕೆಗೆ ಏರಿಸಿರುತ್ತೇನೆ. ಕೆಂಪು ಕಂಡರೆ ಮುಟ್ಟಬಾರದು ಅಂತ ಅವನಿಗೆ ಹೇಳಿಟ್ಟಿದ್ದೇನೆ.